ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್: ಹತ್ತಿರ ಹತ್ತಿರ ಒಂದು ವರ್ಷ ಬಳಸಿದ ಮೇಲೆ

ವಿಂಡೋಸ್ ಬದಲಿಗೆ ಬಳಸುವ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ಇನ್‌ಸ್ಟಾಲ್ ಮಾಡಲು ಹಿಡಿದದ್ದು ಇಪ್ಪತ್ತು ನಿಮಿಷ. ಅದಕ್ಕೆ ತಯಾರಿ ಮಾಡಿಕೊಳ್ಳಲು ಹಿಡಿದದ್ದು ಎರಡು ತಿಂಗಳು. ಆ ಎರಡು ತಿಂಗಳು ಇಲ್ಲದೇ ಹೋಗಿದ್ದರೆ ನಾನು ಈಗ ಮತ್ತೆ ವಿಂಡೋಸ್‌ನಲ್ಲೇ ಇರುತ್ತಿದ್ದೆ, ಅದು ಖಂಡಿತ. ಯಾಕೆಂದರೆ ಮೊದಲ ಸಲ ಹಾಗೇ ಆಗಿತ್ತು.

ಲಿನಕ್ಸ್ ಕಷ್ಟ ಅನ್ನುವವರೂ ಸುಲಭ ಅನ್ನುವವರೂ ಬಹುಪಾಲು ಇನ್‌ಸ್ಟಾಲ್ ಬಗ್ಗೆಯೇ ಮಾತಾಡುತ್ತಾರೆ. ಅದು ನಿಜಕ್ಕೂ ಸುಲಭ. ಭಾಷೆ, ಕೀಬೋರ್ಡ್, ಹೆಸರು, ಪಾಸ್‌ವರ್ಡ್ ಕೇಳುತ್ತದೆ, ಡಿಸ್ಕಿನಲ್ಲಿ ಎಲ್ಲಿ ಕೂರಲಿ ಅಂತ ಕೇಳುತ್ತದೆ, ಅಷ್ಟೇ. ಕಷ್ಟ ಇರುವುದು ಮರುದಿನ ಬೆಳಗ್ಗೆ ಕೆಲಸಕ್ಕೆ ಕೂತಾಗ.

ಮೊದಲ ಸಲ ಏನಾಯಿತು ಅಂತ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಕೆಲಸದ ಮಧ್ಯೆ ಕಂಪ್ಯೂಟರ್ ಅಪ್‌ಡೇಟ್‌ಗೆ ಅಂತ ತಾನಾಗೇ ರೀಸ್ಟಾರ್ಟ್ ಆಯಿತು, ಸೇವ್ ಮಾಡದ ಎರಡು ಪುಟ ಹೋಯಿತು. ಸಿಟ್ಟಿನಲ್ಲಿ ಅವತ್ತೇ ರಾತ್ರಿ ಡಿಸ್ಕ್ ಪೂರ್ತಿ ಅಳಿಸಿ ಒಂದು ಲಿನಕ್ಸ್ ಹಾಕಿಕೊಂಡೆ. ಬೆಳಗ್ಗೆ ಎದ್ದರೆ ಬ್ರೌಸರ್ ಬೇರೆ, ಆಫೀಸ್ ಪ್ಯಾಕೇಜ್ ಬೇರೆ, ಮೇಲ್ ನೋಡುವ ಪ್ರೋಗ್ರಾಂ ಬೇರೆ, ಫೋಟೋ ತೆರೆಯುವುದು ಬೇರೆ, ಫೈಲ್ ಎಲ್ಲಿ ಸೇವ್ ಆಗುತ್ತದೆ ಅನ್ನುವುದೂ ಬೇರೆ. ಮನೆ ಬದಲಿಸುವ ದಿನವೇ ಪಾತ್ರೆ ಪಗಡೆ, ಒಲೆ, ಹಾಸಿಗೆ ಎಲ್ಲವನ್ನೂ ಬದಲಿಸಿದ ಹಾಗೆ. ಒಂಬತ್ತು ದಿನ ತಡೆದುಕೊಂಡು ವಾಪಸ್ ಹೋದೆ. ತಪ್ಪು ಲಿನಕ್ಸ್‌ದಲ್ಲ, ನಾನು ಹೋದ ರೀತಿಯದು.

ಎರಡನೇ ಸಲಕ್ಕೆ ಕಾರಣ ಬೇರೆ. ನನ್ನ ಲ್ಯಾಪ್‌ಟಾಪ್ 2016ರದು. ಇಂಟೆಲ್ 6ನೇ ಪೀಳಿಗೆಯ ಪ್ರೊಸೆಸರ್, 8 ಜಿಬಿ ರ್‍ಯಾಮ್. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದೆ. ಕೀಬೋರ್ಡ್ ಚೆನ್ನಾಗಿದೆ, ಸ್ಕ್ರೀನ್ ಚೆನ್ನಾಗಿದೆ. ಆದರೆ ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ಪೀಳಿಗೆಯಿಂದ ಮೇಲಿನದನ್ನೇ ಕೇಳುತ್ತದೆ, ಜೊತೆಗೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು ಅನ್ನುತ್ತದೆ. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತವೆ ಅಂತ ಮುಂಚೆಯೇ ಹೇಳಿಯಾಗಿತ್ತು. ಮುಂದೆ ಒಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಪಡೆಯುವ ದಾರಿಯನ್ನೂ ಕೊಟ್ಟರು, ಆದರೆ ಅದು ಬರೀ ಮುಂದೂಡಿಕೆ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಮೂಲೆಗೆ ಹಾಕಲು ನನಗೆ ಮನಸ್ಸು ಬರಲಿಲ್ಲ.

ಈ ಸಲ ಉಲ್ಟಾ ಮಾಡಿದೆ. ವಿಂಡೋಸ್ ಮುಟ್ಟಲಿಲ್ಲ. ಅದರೊಳಗಿನ ಪ್ರೋಗ್ರಾಂಗಳನ್ನು ಒಂದೊಂದಾಗಿ ಬದಲಿಸಿದೆ. ಮೊದಲ ವಾರ ಫೈರ್‌ಫಾಕ್ಸ್. ಆಮೇಲೆ ಮೇಲ್‌ಗೆ ಥಂಡರ್‌ಬರ್ಡ್, ವಿಡಿಯೊಗೆ ವಿಎಲ್‌ಸಿ, ಬರವಣಿಗೆಗೆ ಮತ್ತು ಲೆಕ್ಕಕ್ಕೆ ಲಿಬ್ರೆಆಫೀಸ್, ಫೋಟೋಗೆ ಗಿಂಪ್. ಇವೆಲ್ಲ ವಿಂಡೋಸ್‌ನಲ್ಲೂ ಇವೆ, ಲಿನಕ್ಸ್‌ನಲ್ಲೂ ಇವೆ, ಎರಡೂ ಕಡೆ ನೋಡಲು ಒಂದೇ ಥರ ಇವೆ. ಅಡಚಣೆ ಬಂದಾಗ ಹಳೆಯ ಪ್ರೋಗ್ರಾಂ ಪಕ್ಕದಲ್ಲೇ ಇತ್ತು, ಅವತ್ತಿನ ಕೆಲಸ ನಿಲ್ಲಲಿಲ್ಲ. ಎರಡು ತಿಂಗಳಾದ ಮೇಲೆ ನೋಡಿದರೆ ಹಳೆಯದಕ್ಕೆ ಅಂಟಿಕೊಂಡಿದ್ದು ಒಂದೇ ಒಂದು ಕೆಲಸ, ಮ್ಯಾಕ್ರೋ (ತಾನಾಗೇ ಓಡುವ ಸಣ್ಣ ಪ್ರೋಗ್ರಾಂ) ತುಂಬಿದ ಒಂದು ಸ್ಪ್ರೆಡ್‌ಶೀಟ್. ಲಿಬ್ರೆಆಫೀಸ್ ಮ್ಯಾಕ್ರೋಗಳನ್ನು ಸ್ವಲ್ಪ ಮಟ್ಟಿಗೆ ಓಡಿಸುತ್ತದೆ, ಪೂರ್ತಿ ಅಲ್ಲ. ಅದಕ್ಕೆ ಈಗ ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಥರ ಓಡುವ ವರ್ಚುವಲ್‌ಬಾಕ್ಸ್ ಒಳಗೆ ಒಂದು ವಿಂಡೋಸ್ ಇಟ್ಟುಕೊಂಡಿದ್ದೇನೆ. ವಾರಕ್ಕೊಂದು ಸಲ ತೆರೆಯುತ್ತೇನೆ. ನಿಧಾನ, ಆದರೆ ನಡೆಯುತ್ತದೆ.

ಯಾರಾದರೂ ನನ್ನನ್ನು ಕೇಳಿದರೆ ಇದೊಂದನ್ನೇ ಒತ್ತಿ ಹೇಳುತ್ತೇನೆ. ಮೊದಲು ಪ್ರೋಗ್ರಾಂ ಬದಲಿಸಿ, ಆಪರೇಟಿಂಗ್ ಸಿಸ್ಟಂ ಕೊನೆಗೆ. ಅಷ್ಟು ಹೊತ್ತಿಗೆ ಅದು ಬರೀ ಕೆಳಗಿನ ನೆಲ ಆಗಿರುತ್ತದೆ. ನೆಲ ಬದಲಾದದ್ದು ಎರಡು ದಿನ ಗೊತ್ತಾಗುತ್ತದೆ, ಆಮೇಲೆ ಮರೆತೇ ಹೋಗುತ್ತದೆ.

ಇನ್ನು ಯಾವ ಲಿನಕ್ಸ್ ಅನ್ನುವುದು. ಇಲ್ಲೇ ಬಹಳ ಜನ ಸುಸ್ತಾಗುತ್ತಾರೆ, ಅಷ್ಟು ಡಿಸ್ಟ್ರೋಗಳಿವೆ. ಲಿನಕ್ಸ್ ಅಂದರೆ ಅಸಲಿಗೆ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಕರ್ನಲ್ ಮಾತ್ರ, ಅಂದರೆ ಯಂತ್ರವನ್ನೂ ಪ್ರೋಗ್ರಾಂಗಳನ್ನೂ ಜೋಡಿಸುವ ತಿರುಳು. ಅದರ ಸುತ್ತ ಗ್ನು ಅನ್ನುವ ಮುಕ್ತ ತಂತ್ರಾಂಶ ಯೋಜನೆಯ ಉಪಕರಣಗಳು, ಡೆಸ್ಕ್‌ಟಾಪ್, ಇನ್‌ಸ್ಟಾಲರ್, ಪ್ರೋಗ್ರಾಂಗಳನ್ನು ಸೇರಿಸಿ ಒಬ್ಬೊಬ್ಬರು ಒಂದೊಂದು ಥರ ಕಟ್ಟಿಕೊಡುತ್ತಾರೆ. ಆ ಕಟ್ಟಿಗೆ ಡಿಸ್ಟ್ರೋ ಅನ್ನುತ್ತಾರೆ. 1993ರಲ್ಲಿ ಡೆಬಿಯನ್ ಶುರುವಾಯಿತು, ಅದರ ಮೇಲೆ 2004ರಲ್ಲಿ ಉಬುಂಟು ಬಂತು, ಉಬುಂಟು ಮೇಲೆ 2006ರಲ್ಲಿ ಮಿಂಟ್ ಬಂತು. ನಾನು ಮಿಂಟ್ ಆರಿಸಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಅದರ ಸಿನ್ನಮನ್ ಡೆಸ್ಕ್‌ಟಾಪಿನಲ್ಲಿ ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ ಇದೆ. ಕೈಗೆ ಹೊಸದಾಗಿ ಏನೂ ಕಲಿಸಬೇಕಾಗಿಲ್ಲ. ಇನ್ನೂ ಹಳೆಯ, ಕಡಿಮೆ ರ್‍ಯಾಮ್ ಇರುವ ಯಂತ್ರವಾದರೆ ಮಿಂಟ್‌ನದೇ ಎಕ್ಸ್‌ಎಫ್‌ಸಿಇ ಆವೃತ್ತಿ ನೋಡಿ. ಕನಿಷ್ಠ 2 ಜಿಬಿ ರ್‍ಯಾಮ್ ಸಾಕು ಅನ್ನುತ್ತಾರೆ, ಆರಾಮಾಗಿ ಬಳಸಲು 4 ಜಿಬಿ ಇರಲಿ ಅನ್ನುತ್ತಾರೆ. ನನ್ನ ಮಾತು ಕೇಳಿದರೆ 4ಕ್ಕಿಂತ ಕಡಿಮೆಗೆ ಕೈ ಹಾಕಬೇಡಿ. ಆಪರೇಟಿಂಗ್ ಸಿಸ್ಟಂ ಹಗುರ ಇದ್ದರೂ ಈಗಿನ ವೆಬ್‌ಸೈಟ್‌ಗಳು ಹಗುರ ಇಲ್ಲವಲ್ಲ.

ಡೌನ್‌ಲೋಡ್ ಆದ ಮೇಲೆ ಒಂದು ಕೆಲಸ ಇದೆ, ಎಲ್ಲರೂ ಬಿಟ್ಟುಬಿಡುವ ಕೆಲಸ. ಫೈಲಿನ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ತಿಳಿಸುವ ಸಂಖ್ಯೆ) ಮತ್ತು ಡಿಜಿಟಲ್ ಸಹಿ (ಮಾಡಿದವರೇ ಕೊಟ್ಟದ್ದು ಅಂತ ತಿಳಿಸುವ ಗುರುತು) ಸರಿಯಾಗಿದೆಯಾ ಅಂತ ನೋಡುವುದು. 2016ರ ಫೆಬ್ರವರಿ 20ರಂದು ಮಿಂಟ್‌ನ ವೆಬ್‌ಸೈಟಿಗೇ ಯಾರೋ ನುಗ್ಗಿದ್ದರು. 17.3 ಸಿನ್ನಮನ್ ಆವೃತ್ತಿಯ ಡೌನ್‌ಲೋಡ್ ಲಿಂಕನ್ನು, ಕದ್ದು ಒಳಗೆ ಬರಲು ಹಿಂಬಾಗಿಲು ಇಟ್ಟಿದ್ದ ನಕಲಿ ಫೈಲಿಗೆ ತಿರುಗಿಸಿದ್ದರು. ಮಿಂಟ್‌ನವರು ಅದನ್ನು ಮುಚ್ಚಿಡಲಿಲ್ಲ, ತಾವೇ ಎಲ್ಲರಿಗೂ ಹೇಳಿದರು, ಆ ನಡತೆ ನನಗೆ ಇಷ್ಟವಾಯಿತು. ಆದರೆ ಪಾಠ ಪಾಠವೇ. ಬರೀ ಚೆಕ್‌ಸಮ್ ನೋಡಿದರೆ ಸಾಲದು, ಅದೂ ಅದೇ ವೆಬ್‌ಸೈಟಿನಿಂದ ಬಂದದ್ದು ತಾನೇ, ಸಹಿಯನ್ನೂ ನೋಡಬೇಕು. ಹೇಗೆ ಅಂತ ಅವರೇ ಹಂತ ಹಂತವಾಗಿ ಬರೆದಿದ್ದಾರೆ. ಐದು ನಿಮಿಷದ ಕೆಲಸ.

ಆಮೇಲೆ ಪೆನ್ ಡ್ರೈವ್‌ಗೆ ಹಾಕಿ ಬೂಟ್ ಮಾಡಿದರೆ ಲೈವ್ ಸೆಷನ್ ಬರುತ್ತದೆ. ಡಿಸ್ಕನ್ನು ಮುಟ್ಟದೆ, ಪೆನ್ ಡ್ರೈವ್‌ನಿಂದಲೇ ಪೂರ್ತಿ ಸಿಸ್ಟಂ ಓಡಿಸಿ ನೋಡಬಹುದು. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ. ನಾನು ಒಂದು ಇಡೀ ಭಾನುವಾರ ಇದರಲ್ಲೇ ಕಳೆದೆ. ವೈಫೈ ಸಿಗುತ್ತದಾ, ಸೌಂಡ್ ಬರುತ್ತದಾ, ಮೈಕ್ ಕೇಳಿಸುತ್ತದಾ, ಕ್ಯಾಮೆರಾ ತೆರೆಯುತ್ತದಾ, ಬ್ಲೂಟೂತ್ ಹೆಡ್‌ಫೋನ್ ಸೇರುತ್ತದಾ, ಬೆಳಕು ಹೆಚ್ಚುಕಡಿಮೆ ಮಾಡುವ ಕೀಗಳು ಕೆಲಸ ಮಾಡುತ್ತವಾ, ಮುಚ್ಚಳ ಮುಚ್ಚಿದರೆ ಮಲಗಿ ತೆರೆದರೆ ಏಳುತ್ತದಾ, ಪ್ರಿಂಟರ್ ಕಾಣುತ್ತದಾ, ಎಲ್ಲ ನೋಡಿದೆ. ಆಮೇಲೆ ವೈಫೈ ಸರಿಹೋದಾಗ ಪ್ರಿಂಟರ್ ಕಂಡ ರೀತಿ ನೋಡಿ ಖುಷಿಯಾಯಿತು. ಡ್ರೈವರ್ ಸಿಡಿ ಇಲ್ಲ, ಡೌನ್‌ಲೋಡ್ ಇಲ್ಲ, ಒಂದೇ ವೈಫೈನಲ್ಲಿತ್ತು, ತಾನಾಗೇ ಬಂದು ಕೂತಿತು. ಹೊಸ ನೆಟ್‌ವರ್ಕ್ ಪ್ರಿಂಟರ್‌ಗಳಿಗೆ ಬಹಳಷ್ಟು ಸಲ ಬೇರೆ ಡ್ರೈವರ್ ಬೇಕಾಗುವುದಿಲ್ಲ.

ವೈಫೈ ಮಾತ್ರ ಮೊದಲು ಸಿಗಲಿಲ್ಲ. ಇದು ಸಾಮಾನ್ಯ ತೊಂದರೆ. ಕೆಲವು ವೈಫೈ ಚಿಪ್ ಮಾಡುವವರು ತಮ್ಮ ಡ್ರೈವರನ್ನು ಮುಕ್ತವಾಗಿ ಕೊಟ್ಟಿಲ್ಲ, ಹಾಗಾಗಿ ಅದು ಕರ್ನಲ್ ಜೊತೆ ಬರುವುದಿಲ್ಲ, ಬೇರೆಯಾಗಿ ಹಾಕಬೇಕು. ಹಾಕಲು ಇಂಟರ್ನೆಟ್ ಬೇಕು. ಇಂಟರ್ನೆಟ್‌ಗೆ ವೈಫೈ ಬೇಕು! ಇದರಿಂದ ಹೊರಗೆ ಬರುವ ದಾರಿ ಫೋನ್. ಫೋನನ್ನು ಯುಎಸ್‌ಬಿ ವೈರಿನಲ್ಲಿ ಸೇರಿಸಿ ಫೋನಿನ ಇಂಟರ್ನೆಟ್ ಹಂಚುವ ಟೆದರಿಂಗ್ ಆನ್ ಮಾಡಿದರೆ ಮಿಂಟ್ ಅದನ್ನು ವೈರ್ ಇರುವ ನೆಟ್‌ವರ್ಕ್ ಅಂತಲೇ ತಗೊಳ್ಳುತ್ತದೆ. ಇನ್‌ಸ್ಟಾಲ್ ಮಾಡಿದ ಮೇಲೆ ಹೀಗೆ ಸೇರಿಸಿ ಡ್ರೈವರ್ ಮ್ಯಾನೇಜರ್ ತೆರೆದೆ, ನನ್ನ ಚಿಪ್ ತೋರಿಸಿತು, ಟಿಕ್ ಮಾಡಿದೆ, ರೀಸ್ಟಾರ್ಟ್, ಮುಗಿಯಿತು. ಟೆದರಿಂಗ್ ಗೊತ್ತಿರದಿದ್ದರೆ ಅವತ್ತೇ ಕೈ ಬಿಡುತ್ತಿದ್ದೆನೇನೋ.

ವಿಂಡೋಸ್ ಅನ್ನೂ ಇಟ್ಟುಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುತ್ತೇನೆ ಅನ್ನುವವರು ಮೂರು ವಿಷಯ ತಿಳಿದಿರಬೇಕು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಮೊದಲು ಬೇರೆ ಕಡೆ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ನಿಮ್ಮ ಫೈಲುಗಳಿಗೆ ನೀವೇ ಹೊರಗಿನವರಾಗುತ್ತೀರಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ನಿಲ್ಲುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆಗ ಆ ಡ್ರೈವನ್ನು ಲಿನಕ್ಸ್‌ನಲ್ಲಿ ತೆರೆದರೆ ಓದಲು ಮಾತ್ರ ಬರುತ್ತದೆ, ಬರೆಯಲು ಬರುವುದಿಲ್ಲ. ಮೂರನೆಯದು ಗಡಿಯಾರ. ಯಂತ್ರದ ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಅಂತ ವಿಂಡೋಸ್ ನಂಬುತ್ತದೆ, ಯುಟಿಸಿ (ಇಡೀ ಜಗತ್ತಿಗೆ ಒಂದೇ ಆದ ಸಮಯ) ಅಂತ ಲಿನಕ್ಸ್ ನಂಬುತ್ತದೆ. ಅದರಿಂದ ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಗಂಟೆ ತಪ್ಪುತ್ತದೆ. ಒಂದು ಸಾಲಿನ ಕಮಾಂಡಿನಲ್ಲಿ ಸರಿಹೋಗುತ್ತದೆ, ಗಾಬರಿ ಬೇಡ. ನಾನು ಒಂದು ತಿಂಗಳು ಎರಡನ್ನೂ ಇಟ್ಟುಕೊಂಡಿದ್ದೆ. ಕೊನೆಯ ಹದಿನೈದು ದಿನ ವಿಂಡೋಸ್ ತೆರೆಯಲೇ ಇಲ್ಲ ಅಂತ ಗಮನಕ್ಕೆ ಬಂದ ದಿನ ತೆಗೆದುಹಾಕಿದೆ.

ಬ್ಯಾಕಪ್ ಬಗ್ಗೆ ಹೇಳಲೇಬೇಕಾ? ಹೇಳುತ್ತೇನೆ. ಮಾಡಿ. ಹೊರಗಿನ ಡಿಸ್ಕಿಗೆ ಮಾಡಿ, ಮಾಡಿದ ಮೇಲೆ ನಾಲ್ಕು ಫೈಲ್ ತೆರೆದು ನೋಡಿ.

ದಿನದ ಬಳಕೆಗೆ ಬರೋಣ. ಬೂಟ್ ಆದ ಕೂಡಲೇ ನನ್ನ ಲ್ಯಾಪ್‌ಟಾಪ್ ಸುಮಾರು 1.3 ಜಿಬಿ ರ್‍ಯಾಮ್ ತಗೊಳ್ಳುತ್ತದೆ. ಫ್ಯಾನ್ ಸದ್ದು ತುಂಬಾ ಕಡಿಮೆಯಾಗಿದೆ. ಮೆನುವಿನಲ್ಲಿ ಜಾಹೀರಾತಿಲ್ಲ, ಅಕೌಂಟ್ ಮಾಡು ಅನ್ನುವ ಒತ್ತಾಯವಿಲ್ಲ. ಈ ಮೌನಕ್ಕೆ ಒಗ್ಗಿಕೊಂಡ ಮೇಲೆ ಬೇರೆಯವರ ಕಂಪ್ಯೂಟರ್ ಮುಂದೆ ಕೂತರೆ ಸಂತೆಯಲ್ಲಿ ನಿಂತ ಹಾಗೆ ಆಗುತ್ತದೆ.

ಅಪ್‌ಡೇಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಮೊದಲ ಸಲ ನಾನು ಬಂದದ್ದೇ ಆ ಸಿಟ್ಟಿನಿಂದ. ಮೂಲೆಯಲ್ಲಿ ಒಂದು ಸಣ್ಣ ಗುರಾಣಿ ಇರುತ್ತದೆ. ಅಪ್‌ಡೇಟ್ ಬಂದರೆ ಅದರಲ್ಲಿ ಚುಕ್ಕೆ ಕಾಣುತ್ತದೆ. ಒತ್ತಿದರೆ ಪಟ್ಟಿ ಬರುತ್ತದೆ, ಯಾವುದು ಸೆಕ್ಯುರಿಟಿಗೆ, ಯಾವುದು ಸುಮ್ನೆ ಹೊಸ ಆವೃತ್ತಿ ಅಂತ ಬೇರೆ ಬೇರೆ ಗುರುತು ಇರುತ್ತದೆ. ಆಪರೇಟಿಂಗ್ ಸಿಸ್ಟಂ, ಬ್ರೌಸರ್, ಆಫೀಸ್, ವಿಡಿಯೊ ಪ್ಲೇಯರ್ ಎಲ್ಲದರ ಅಪ್‌ಡೇಟ್ ಒಂದೇ ಕಡೆ. ಹಿಂದೆ ಒಂದೊಂದು ಪ್ರೋಗ್ರಾಮೂ ತನ್ನದೇ ಕಿಟಕಿ ತೆರೆದು ನನ್ನನ್ನು ಅಪ್‌ಡೇಟ್ ಮಾಡು ಅಂತ ಪೀಡಿಸುತ್ತಿತ್ತು. ಕರ್ನಲ್ ಬದಲಾದರೆ ರೀಸ್ಟಾರ್ಟ್ ಬೇಕು, ಆದರೆ ಯಾವಾಗ ಅನ್ನುವುದು ನನ್ನ ಇಷ್ಟ.

ಎಲ್ಲವೂ ಸುಗಮ ಅಂತಲ್ಲ. ಮೇ ತಿಂಗಳಲ್ಲಿ ಒಂದು ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ಮೇಲೆ ಬರೀ ಕಪ್ಪು ಸ್ಕ್ರೀನ್. ಕೈಕಾಲು ತಣ್ಣಗಾಯಿತು. ಆಗ ಉಳಿಸಿದ್ದು ಟೈಮ್‌ಶಿಫ್ಟ್. ಮಿಂಟ್ ಜೊತೆಗೇ ಬರುವ ಪ್ರೋಗ್ರಾಂ ಅದು, ಸಿಸ್ಟಂ ಫೈಲುಗಳ ಚಿತ್ರಣ (ಸ್ನ್ಯಾಪ್‌ಶಾಟ್) ತೆಗೆದಿಟ್ಟುಕೊಳ್ಳುತ್ತದೆ. ಲೈವ್ ಪೆನ್ ಡ್ರೈವ್ ಹಾಕಿ, ಟೈಮ್‌ಶಿಫ್ಟ್ ತೆರೆದು, ಹಿಂದಿನ ದಿನದ ಸ್ನ್ಯಾಪ್‌ಶಾಟ್ ಆರಿಸಿದೆ. ಹತ್ತು ನಿಮಿಷಕ್ಕೆ ನಿನ್ನೆಯ ಸ್ಥಿತಿಗೆ ಬಂದು ನಿಂತಿತು. ಆದರೆ ನೆನಪಿಡಿ, ಟೈಮ್‌ಶಿಫ್ಟ್ ಇರುವುದು ಸಿಸ್ಟಂಗೆ. ನಿಮ್ಮ ಫೋಟೋ, ದಾಖಲೆಗಳನ್ನು ಅದು ತಾನಾಗಿ ಉಳಿಸುವುದಿಲ್ಲ. ಇದನ್ನು ತಪ್ಪಾಗಿ ತಿಳಿದವರು ಬಹಳ ಜನ. ಇನ್‌ಸ್ಟಾಲ್ ಆದ ತಕ್ಷಣ ಬರುವ ಸ್ವಾಗತದ ಕಿಟಕಿಯಲ್ಲೇ ಇದನ್ನು ಆನ್ ಮಾಡಿ ಅಂತ ಮಿಂಟ್ ಹೇಳುತ್ತದೆ. ಅದನ್ನು ಮುಚ್ಚಿ ಮುಂದೆ ಹೋಗಬೇಡಿ.

ಪ್ರೋಗ್ರಾಂ ಹಾಕುವುದು ಫೋನಿನ ಆ್ಯಪ್ ಸ್ಟೋರ್ ಥರವೇ. ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಹುಡುಕಿ ಒತ್ತಿದರೆ ಆಯಿತು. ಒಂದೇ ಪ್ರೋಗ್ರಾಂ ಕೆಲವು ಸಲ ಎರಡು ಥರ ಸಿಗುತ್ತದೆ, ಮಾಮೂಲಿ ಪ್ಯಾಕೇಜ್ ಒಂದು, ಫ್ಲ್ಯಾಟ್‌ಪ್ಯಾಕ್ ಒಂದು. ಫ್ಲ್ಯಾಟ್‌ಪ್ಯಾಕ್ ಹೊಸದಾಗಿರುತ್ತದೆ, ಆದರೆ ಜಾಗ ಜಾಸ್ತಿ ತಿನ್ನುತ್ತದೆ. ಮಿಂಟ್ 22ರಿಂದ, ಮೂಲ ತಯಾರಕರೇ ಕೊಟ್ಟದ್ದು ಅಂತ ದೃಢಪಡದ ಫ್ಲ್ಯಾಟ್‌ಪ್ಯಾಕ್‌ಗಳನ್ನು ತಾನಾಗಿ ತೋರಿಸುವುದಿಲ್ಲ. ಒಳ್ಳೆಯ ನಿರ್ಧಾರ.

ಕನ್ನಡ ಟೈಪಿಂಗ್ ಬಗ್ಗೆ ನನಗೆ ಹೆದರಿಕೆ ಇತ್ತು, ಆದರೆ ಅದು ಚೆನ್ನಾಗಿದೆ. ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಮೂರೂ ಟೈಪಿಂಗ್ ವಿಧಾನಗಳು ಸಿಗುತ್ತವೆ. ನಾನು ಮುಂಚಿನಿಂದಲೂ ಕೆಜಿಪಿ, ಬೆರಳು ಏನನ್ನೂ ಮರೆಯಬೇಕಾಗಲಿಲ್ಲ. ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳೂ ಪ್ಯಾಕೇಜ್ ರೂಪದಲ್ಲಿ ಸಿಗುತ್ತವೆ. ತೊಂದರೆ ಇರುವುದು ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲುಗಳದ್ದು. ಆ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ನಿಮ್ಮ ಹತ್ತಿರ ಅಂಥವು ಇದ್ದರೆ ವಿಂಡೋಸ್ ಬಿಡುವ ಮುಂಚೆಯೇ ಎಲ್ಲವನ್ನೂ ಯೂನಿಕೋಡ್‌ಗೆ ತಿರುಗಿಸಿಕೊಳ್ಳಿ.

ಫಾಂಟ್ ಅಂದಾಗ ನೆನಪಾಯಿತು. ಬೇರೆಯವರು ಕಳಿಸಿದ ವರ್ಡ್ ಫೈಲ್ ಲಿಬ್ರೆಆಫೀಸ್‌ನಲ್ಲಿ ಸಾಲು ತಪ್ಪಿ ಕಂಡರೆ ಅರ್ಧಕ್ಕರ್ಧ ಸಲ ತಪ್ಪು ಫಾಂಟ್‌ನದು. ಕ್ಯಾಲಿಬ್ರಿ, ಕ್ಯಾಂಬ್ರಿಯಾ ಲಿನಕ್ಸ್ ಜೊತೆ ಬರುವುದಿಲ್ಲ. ಅವುಗಳ ಅಗಲಕ್ಕೆ ಸರಿಯಾಗಿ ಮಾಡಿದ ಕಾರ್ಲಿಟೊ ಮತ್ತು ಕೆಲಾಡಿಯಾ ಹಾಕಿಕೊಂಡರೆ ಪುಟಗಳು ಬಹುಪಾಲು ಜಾಗಕ್ಕೆ ಬಂದು ಕೂರುತ್ತವೆ. ಆದರೂ ಟೇಬಲ್, ಚಿತ್ರ ತುಂಬಿದ ಫೈಲನ್ನು ದಿನವೂ ಹತ್ತು ಜನರ ಜೊತೆ ತಿದ್ದುವ ಕೆಲಸ ನಿಮ್ಮದಾದರೆ ತಲೆನೋವು ಇದ್ದೇ ಇದೆ. ಕಳಿಸಿ ಮುಗಿಸುವುದಾದರೆ ಪಿಡಿಎಫ್ ಮಾಡಿ ಕಳಿಸಿ.

ಯಾರಿಗೆ ಇದು ಬೇಡ ಅಂತಲೂ ನೇರವಾಗಿ ಹೇಳುತ್ತೇನೆ. ಫೋಟೋಶಾಪ್, ಪ್ರೀಮಿಯರ್ ಮೇಲೆ ನಿಮ್ಮ ಹೊಟ್ಟೆಪಾಡು ನಡೆಯುತ್ತಿದ್ದರೆ ಬರಬೇಡಿ. ಅಡೋಬಿ ಇವನ್ನು ಲಿನಕ್ಸ್‌ಗೆ ಕೊಡುವುದಿಲ್ಲ. ಗಿಂಪ್ 2025ರಲ್ಲಿ 3.0ಕ್ಕೆ ಬಂದು ತುಂಬಾ ಸುಧಾರಿಸಿದೆ, ಚಿತ್ರ ಬರೆಯುವವರಿಗೆ ಕ್ರಿತಾ ಬಹಳ ಒಳ್ಳೆಯದು, ನನ್ನ ಕೆಲಸಕ್ಕೆ ಇವು ಸಾಕು. ಆದರೆ ಹತ್ತು ವರ್ಷ ಬೇರೆಯದರಲ್ಲಿ ಪಳಗಿದ ಕೈಗೆ ಇವನ್ನೇ ಬಳಸು ಅನ್ನುವುದು ಅನ್ಯಾಯ. ಆಟಗಳ ವಿಷಯ ಅರ್ಧ ಒಳ್ಳೆಯದು. ಆಟಗಳನ್ನು ಮಾರುವ ಸ್ಟೀಮ್‌ನಲ್ಲಿ 2018ರಿಂದ ಪ್ರೋಟಾನ್ ಇದೆ, ವಿಂಡೋಸ್‌ಗೆ ಮಾಡಿದ ಎಷ್ಟೋ ಆಟಗಳು ಅದರಿಂದ ಓಡುತ್ತವೆ. ಆದರೆ ಮೋಸ ತಡೆಯಲು ಕರ್ನಲ್ ಒಳಗೆ ಇಳಿಯುವ ಆ್ಯಂಟಿಚೀಟ್ ಇರುವ ವ್ಯಾಲರಂಟ್, ಫೋರ್ಟ್‌ನೈಟ್ ಥರದವು ಓಡುವುದಿಲ್ಲ. ಬೆರಳಚ್ಚು ಲಾಗಿನ್‌ಗೆ ಮಿಂಟ್ 22.2ರಲ್ಲಿ ಫಿಂಗ್‌ವಿಟ್ ಅನ್ನುವ ಹೊಸ ಆ್ಯಪ್ ಬಂದಿದೆ, ಆಸೆಯಿಂದ ತೆರೆದೆ, ನನ್ನ ಲ್ಯಾಪ್‌ಟಾಪಿನ ಸೆನ್ಸರ್‌ಗೆ ಡ್ರೈವರೇ ಇಲ್ಲ. ಪಾಸ್‌ವರ್ಡ್ ಟೈಪ್ ಮಾಡುತ್ತಿದ್ದೇನೆ.

ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಕಲಿಯಬೇಕಾ ಅಂತ ಎಲ್ಲರೂ ಕೇಳುತ್ತಾರೆ. ವರ್ಷದಲ್ಲಿ ನಾನು ಬಳಸಿದ್ದು ಹತ್ತು ಹನ್ನೆರಡು ಸಲ, ಬಹುತೇಕ ಕುತೂಹಲಕ್ಕೆ. ಆದರೆ ಸಮಸ್ಯೆ ಬಂದು ಹುಡುಕಿದಾಗ ಸಿಗುವ ಉತ್ತರಗಳೆಲ್ಲ ಕಮಾಂಡ್ ರೂಪದಲ್ಲೇ ಇರುತ್ತವೆ, ಯಾಕೆಂದರೆ ಇಲ್ಲಿ ಒತ್ತಿ ಅಲ್ಲಿ ಒತ್ತಿ ಅಂತ ಬರೆಯುವುದಕ್ಕಿಂತ ಒಂದು ಸಾಲು ಕೊಡುವುದು ಸುಲಭ. ಅರ್ಥವಾಗದ ಸಾಲನ್ನು, ಅದರಲ್ಲೂ ಸುಡೊ ಅಂತ ಶುರುವಾಗುವುದನ್ನು ಹಾಗೇ ಅಂಟಿಸಬೇಡಿ. ಸುಡೊ ಅಂದರೆ ಮನೆಯ ಎಲ್ಲ ಬೀಗದ ಕೈ ಕೊಟ್ಟ ಹಾಗೆ.

ಲಿನಕ್ಸ್ ಓಪನ್ ಸೋರ್ಸ್, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ಓದಬಹುದು. ಓಪನ್ ಸೋರ್ಸ್ ಆದರೆ ನನಗೇನು, ನಾನು ಕೋಡ್ ಓದುತ್ತೇನಾ ಅಂತ ಒಬ್ಬ ಗೆಳೆಯ ಕೇಳಿದ. ನಾನೂ ಓದುವುದಿಲ್ಲ. ಆದರೆ ಓದುವವರು ಇದ್ದಾರೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ತಮ್ಮ ಯಂತ್ರಕ್ಕೆ ಎಸ್‌ಎಸ್‌ಎಚ್ (ದೂರದಿಂದ ಯಂತ್ರದೊಳಗೆ ಹೋಗುವ ದಾರಿ) ಮೂಲಕ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಅಂತ ಗಮನಿಸಿದರು. ಯಾಕೆ ಅಂತ ಹುಡುಕುತ್ತಾ ಹೋದರೆ, ಫೈಲ್ ಕುಗ್ಗಿಸುವ ಎಕ್ಸ್‌ಜೆಡ್ ಅನ್ನುವ ಸಣ್ಣ ಉಪಕರಣದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದರು. ಇಟ್ಟ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡುತ್ತಾ ನಂಬಿಕೆ ಗಳಿಸಿದ್ದ. ಜನ ದಿನವೂ ಬಳಸುವ ಬಹುಪಾಲು ಸ್ಥಿರ ಡಿಸ್ಟ್ರೋಗಳಿಗೆ ತಲುಪುವ ಮುಂಚೆಯೇ ಸಿಕ್ಕಿಬಿತ್ತು. ಮುಕ್ತವಾಗಿದ್ದರೆ ಎಲ್ಲವೂ ಸುರಕ್ಷಿತ ಅಂತ ಇದರ ಅರ್ಥವಲ್ಲ, ಹಿಂಬಾಗಿಲು ಇಟ್ಟದ್ದೂ ಮುಕ್ತ ತಂತ್ರಾಂಶದಲ್ಲೇ ಅಲ್ವಾ. ಆದರೆ ಅನುಮಾನ ಬಂದವನಿಗೆ ಒಳಗೆ ಇಳಿದು ನೋಡಲು ಯಾರ ಅನುಮತಿಯೂ ಬೇಕಾಗಲಿಲ್ಲ. ನನಗೆ ಅದು ದೊಡ್ಡದು. ಅದಕ್ಕೇ ಈಗ ವರ್ಷಕ್ಕೊಮ್ಮೆ ಮಿಂಟ್‌ಗೂ ಲಿಬ್ರೆಆಫೀಸ್‌ಗೂ ನನ್ನ ಕೈಲಾದಷ್ಟು ದೇಣಿಗೆ ಕೊಡಬೇಕು ಅಂದುಕೊಂಡಿದ್ದೇನೆ. ಸುಮ್ನೆ ಸಿಗುತ್ತದೆ ಅಂದರೆ ಯಾರೂ ದುಡಿದಿಲ್ಲ ಅಂತಲ್ಲ.

2025ರ ಸೆಪ್ಟೆಂಬರಿನಲ್ಲಿ ಮಿಂಟ್ 22.2 ಬಂದಾಗ ಅಪ್‌ಡೇಟ್ ಮ್ಯಾನೇಜರ್‌ನಿಂದಲೇ ಏರಿಸಿಕೊಂಡೆ, ಯಾವ ಫೈಲೂ ಅಲುಗಲಿಲ್ಲ. 22ರ ಸರಣಿಗೆ 2029ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಇದೆ. ಅಷ್ಟು ಹೊತ್ತಿಗೆ ಈ ಲ್ಯಾಪ್‌ಟಾಪಿಗೆ 13 ವರ್ಷ ಆಗಿರುತ್ತದೆ. ಬ್ಯಾಟರಿ ಮಾತ್ರ ಈಗಲೇ ಒಂದು ಗಂಟೆಗಿಂತ ಜಾಸ್ತಿ ತಡೆಯುತ್ತಿಲ್ಲ, ಮುಂದಿನ ತಿಂಗಳು ಹೊಸದು ಹಾಕಿಸುತ್ತೇನೆ.